ಕೊಡುವವರ ಪಾಲು

ಡಾಕ್ಟರ್ ಉಮೇಶರ ಬಾಯಲ್ಲಿ ಕರದಂಟು ಇರುವಾಗಲೇ ಸಾತವ್ವ ಮಗನ ಅಂಗಿಯ ಕೊರಳಪಟ್ಟಿ ಹಿಡಿದುಕೊಂಡು ಒಳಗೆ ನುಗ್ಗಿದಳು. ಪಟ್ಟಿ ಅರ್ಧ ಹರಿದಿತ್ತು. ಬೆಳಿಗ್ಗೆ ಧುಪದಾಳದ ಒಡ್ಡಿನ ಮೇಲಿಂದ ನೀರಿಗೆ ಹಾರಲು ಹೊರಟಿದ್ದ ದುರ್ಗೇಶನನ್ನು ಅದೇ ಪಟ್ಟಿ ಹಿಡಿದು ಎಳೆದಿದ್ದಳು. ಗೋಕಾಕ ಮುಟ್ಟುವವರೆಗೆ ಬಸ್ಸಿನಲ್ಲೂ ಕೈ ಬಿಟ್ಟಿರಲಿಲ್ಲ.

"ಸಾಹೇಬ್ರ, ಮೊದಲ ಇಂವ ಮಂಕಾಗಿ ಗ್ವಾಡಿ ನೋಡ್ಕೋತ ಕುಂದರ್ತಿದ್ದ, ಖರೆ. ಆದ್ರ ಸಾಯೂ ಮಾತು ಅವನ ಬಾಯಾಗ ಬಂದಿರಲಿಲ್ಲ. ನಿಮ್ಮ ಹೊಸಾ ಗುಳಿಗಿ ಚಾಲೂ ಮಾಡಿದಾಗಿಂದ ನಿದ್ದಿಲ್ಲ, ಕುಂತಲ್ಲಿ ಕುಂದ್ರವಲ್ಲ. ಮೈಯಾಗ ಇರಿವಿ ಹರದಾಡಿದಂಗ ಆಗತೈತಿ ಅಂತಾನ."

ದುರ್ಗೇಶ ಆಗಲೂ ನಿಂತಲ್ಲೇ ಕಾಲು ಬದಲಿಸುತ್ತಿದ್ದ. ಡಾಕ್ಟರು ಅವನ ಕಡೆ ಕತ್ತೆತ್ತಿಯೂ ನೋಡಲಿಲ್ಲ. ನೋಡಲು ಪುರುಸೊತ್ತೆಲ್ಲಿ? ಎದುರಿಗೆ ಟೈ ಕಟ್ಟಿಕೊಂಡ ಸಾಗರ ಕೂತಿದ್ದ, ಅದೇ ಗುಳಿಗೆಯ ಕಂಪನಿಯವನು. ಮೇಜಿನ ಮೇಲಿನ ಕರದಂಟಿನ ಡಬ್ಬಿ ಕಂಪನಿಯದು, ಗೋಡೆಯ ಗಡಿಯಾರವೂ ಕಂಪನಿಯದು. ಕಂಪನಿಯ ಸಿಹಿ ತಿಂದ ನಾಲಿಗೆ ಕಂಪನಿಯ ಹಾಡನ್ನೇ ಹಾಡಬೇಕಲ್ಲ.

"ಅದು ರೋಗದ್ದು ಬೇ ಯವ್ವಾ, ಗುಳಿಗಿದಲ್ಲ. ಡೋಸ್ ಸಾಲವಲ್ದು. ನಾಳಿಂದ ಎರಡೆರಡು ಕೊಡು," ಎಂದರು ಡಾಕ್ಟರು.

"ಮಾರ್ಕೆಟ್‌ಗೆ ಈಗಷ್ಟ ಬಂದೈತ್ರಿ," ಸಾಗರ ದನಿಗೂಡಿಸಿದ. "ಸೈಡ್ ಇಫೆಕ್ಟ್ ಅನ್ನೂದ ಇಲ್ಲ. ಪೆಪ್ಪರಮಿಂಟ್ ಇದ್ದಂಗ."

ಸಾತವ್ವನ ಮೈ ಉರಿದುಹೋಯಿತು. ಹೆತ್ತ ಮಗ ನೀರುಪಾಲಾಗುತ್ತಿದ್ದ, ಇವರಿಗೆ ಪೆಪ್ಪರಮಿಂಟ್! ಸೆರಗಿಗೆ ಕಟ್ಟಿಕೊಂಡಿದ್ದ ಗುಳಿಗೆಗಳಲ್ಲಿ ಒಂದನ್ನು ತೆಗೆದು ಮೇಜಿನ ಮೇಲಿಟ್ಟಳು.

"ನಮ್ಮ ಮಾವ ಕಣ್ಣು ಹಳದಿ ಆಗೂ ಕಾಮಣಿಗಿ ಬೇರು ಕೊಡಾಂವ್ರಿ. ಮೊದಲ ತಾ ಒಂದ್ ಚೂರು ಅಗದು ನುಂಗಾಂವ, ಆಮ್ಯಾಲ ಮಂದಿಗಿ. ನಮ್ಮೂರಾಗ ಔಷಧ ಕೊಡಾವರ ರಿವಾಜ ಅದು. ನೀವೂ ಒಂದ ನುಂಗ್ರಿ. ಆಮ್ಯಾಲ ಎರಡ್ಯಾಕ, ನಾಕ ಕೊಡತೇನಿ."

ಬಾಗಿಲಲ್ಲಿ ರೋಗಿಗಳ ತಲೆಗಳು ಇಣುಕಿದವು. ಈಗ ಮರ್ಯಾದೆಯ ಪ್ರಶ್ನೆ. ಡಾಕ್ಟರು ನಕ್ಕರು, ಕನ್ನಡಕ ಒರೆಸಿದರು, ಕೊನೆಗೆ ಗುಳಿಗೆಯನ್ನು ಬೆರಳ ತುದಿಯಿಂದ ಸಾಗರನತ್ತ ತಳ್ಳಿದರು.

"ನೀ ತಗೋಳೋ. ನಿಮ್ಮದ ಮಾಲು."

ಪೆಪ್ಪರಮಿಂಟಿನ ಸಾಗರ ಬಿಳಿಚಿಕೊಂಡ. "ನಾ ಬರೇ ಮಾರಾಂವ್ರಿ ಸರ. ಮನಿಯಾಗ ಸಣ್ಣ ಮಕ್ಕಳದಾವು," ಎನ್ನುತ್ತ ಅದನ್ನು ಹಿಂದಕ್ಕೆ ತಳ್ಳಿದ. ಗುಳಿಗೆ ಉರುಳಿ ಹೋಗಿ ಕರದಂಟಿನ ಡಬ್ಬಿಗೆ ತಾಗಿ ನಿಂತಿತು. ಇಬ್ಬರೂ ಅದನ್ನು ಮುಟ್ಟಲಿಲ್ಲ.

ಮಕ್ಕಳಿರುವುದು ಅವನೊಬ್ಬನಿಗೇ ಎಂಬಂತೆ ಮಾತಾಡಿದವನನ್ನು ಸಾತವ್ವ ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಡಿಯೋ ದುರ್ಗೇಶಾ, ಬೆಳಗಾವಿ ದೊಡ್ಡ ದವಾಖಾನಿಗಿ ಹೋಗೂಣು. ಈಗಿಂದೀಗ."

ಕೊರಳಪಟ್ಟಿ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ಬಾಗಿಲ ಬಳಿ ತಿರುಗಿ ನಿಂತಳು.

"ಕಂಪನಿ ಕೊಟ್ಟ ಕರದಂಟು ಹೆಂಗ ಗುಳುಂ ಅಂತ ಇಳೀತ್ರಿ ಸಾಹೇಬ್ರ! ಕಂಪನಿ ಗುಳಿಗಿಗಿ ಮಾತ್ರ ನನ್ನ ಮಗನ ಗಂಟಲಾ ಬೇಕೇನು?"