ಅಳಿಸಲು ಮರೆತದ್ದು

ಎರಡನೆಯ ಕಾಲೂ ಕಚ್ಚಿತು. ಹೊಸ ಚಪ್ಪಲಿ ಕಚ್ಚಿದರೆ ಕಳಚಿಟ್ಟು ಬರಿಗಾಲಲ್ಲಿ ನಡೆಯಬಹುದು. ಟೀಚರಿಗೆ ಆ ಅನುಕೂಲವಿರಲಿಲ್ಲ. ಎಡ ಮೊಣಕಾಲಿನಿಂದ ಕೆಳಗೆ ಅವರಿಗಿದ್ದದ್ದು ಈ ಕಂಪನಿ ಮಾಡಿಕೊಟ್ಟ ಕೃತಕ ಕಾಲು. ಹಳೆಯದು ಸವೆದು ಬಿರುಕುಬಿಟ್ಟಿತ್ತು; ಅದರ ಬದಲಿಗೆ ಮಾಡಿದ ಹೊಸದರಲ್ಲಿ ಇದು ಎರಡನೆಯದು. ಅದನ್ನು ಮಾಡಿದ್ದ ಮೇಸ್ತ್ರಿ ತೀರಿಕೊಂಡಿದ್ದರು. ಫೈಲಿನಲ್ಲಿ ಅಳತೆಗಳೆಲ್ಲ ಇದ್ದವು, ಕೈಗುಣ ಇರಲಿಲ್ಲ.

ಹುಣ್ಣಾದ ಜಾಗಕ್ಕೆ ಹತ್ತಿ ಒತ್ತಿಕೊಂಡು ಟೀಚರ್, ಮುಂದಿನದೂ ಹೀಗೇ ಆದರೆ ಗಾಲಿಕುರ್ಚಿಯೇ ಗತಿ ಎಂದರು. ಬೋರ್ಡಿನ ಮುಂದೆ ನಿಲ್ಲದೆ ಲೆಕ್ಕ ಹೇಳಿಕೊಡುವುದು ತಮ್ಮಿಂದಾಗದು, ಕೆಲಸ ಬಿಡುತ್ತಾರಂತೆ. ಆಮೇಲೆ, ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ, ಕಾಲು ಮಾಡಿದ್ದ ತಂತ್ರಜ್ಞನಿಗೆ ಅವರೇ ಸಮಾಧಾನ ಹೇಳಿದರು. "ನಿಂದೇನು ತಪ್ಪಪ್ಪ, ನನ್ನ ಕಾಲೇ ಮೊಂಡು."

ಆ ಮಾತಿಗೆ ಅವನಿಗೆ ಇನ್ನಷ್ಟು ಸಂಕಟವಾಯಿತು. ಮೇಸ್ತ್ರಿ ಪ್ರತಿಯೊಂದು ಕಾಲಿನ ಬಗ್ಗೆಯೂ ಅಚ್ಚು ಹೊಯ್ಯುವವರಿಗೆ ಚಿತ್ರ ಸಮೇತ ಈಮೇಲ್ ಬರೆಯುತ್ತಿದ್ದರೆಂದು ಯಾರೋ ಹೇಳಿದ್ದು ನೆನಪಾಗಿ, ಸರ್ವರ್ ಕೋಣೆಗೆ ಹೋದ.

ಅಲ್ಲಿದ್ದಾಕೆಯನ್ನು ಕಂಪನಿಯಲ್ಲಿ ಎಲ್ಲರೂ ಕಣಜದಕ್ಕ ಎನ್ನುತ್ತಾರೆ. ಎಲ್ಲರ ಮೇಲ್‌ಗಳನ್ನೂ ಟೇಪಿಗಿಳಿಸಿ ವರ್ಷಗಟ್ಟಲೆ ಕಾಪಾಡುವುದು ಅವಳ ಕೆಲಸ. ಅವಧಿ ಮುಗಿದದ್ದನ್ನು ನಾಶ ಮಾಡಿಸುವುದೂ ಅವಳದೇ. ಮೇಸ್ತ್ರಿಯ ಟೇಪು ಹೋದ ವರ್ಷವೇ ಪುಡಿಯಾಗಿತ್ತು.

"ಅದು ಹೋಯ್ತಲ್ಲೋ ತಮ್ಮ," ಎಂದಳು. ಆಮೇಲೆ ಏನೋ ನೆನಪಾಗಿ, ಮೂಲೆಯ ಹಳೆ ಕಂಪ್ಯೂಟರ್ ಯಂತ್ರದ ಹೊದಿಕೆ ಸರಿಸಿದಳು.

ತುಂಬಿಟ್ಟರೆ ಸಾಲದು, ತೆಗೆದಾಗ ಬರಬೇಕು ಎಂಬುದು ಅವಳ ನೇಮ. ಅದಕ್ಕೇ ಆಗಾಗ ಯಾರಾದರೊಬ್ಬರ ಮೇಲ್‌ಗಳನ್ನು ಟೇಪಿನಿಂದ ಈ ಯಂತ್ರಕ್ಕೆ ತಂದು, ಸರಿಯಾಗಿ ತೆರೆಯುತ್ತವೆಯೇ ಎಂದು ನೋಡಿ, ಅಳಿಸುತ್ತಿದ್ದಳು. ಚಿತ್ರಗಳಿಂದ ಭಾರವಾಗಿದ್ದ ಮೇಸ್ತ್ರಿಯದನ್ನೇ ಹೆಚ್ಚಾಗಿ ಆರಿಸುತ್ತಿದ್ದಳು. ಇದು ಬಂದರೆ ಉಳಿದದ್ದೆಲ್ಲ ಬಂದಂತೆ. ಕೊನೆಯ ಸಲ ಅಳಿಸುವ ಹೊತ್ತಿಗೆ ಏಸಿ ಸೋರಿ, ಟೇಪುಗಳನ್ನು ಎತ್ತಿಡುವ ಗಡಿಬಿಡಿಯಲ್ಲಿ ಮರೆತಿದ್ದಳು.

ನಿಯಮದ ಪ್ರಕಾರ ಆ ಪ್ರತಿ ಅಲ್ಲಿರಬಾರದು. ತೆರೆಯುವ ಮೊದಲು ಮ್ಯಾನೇಜರನ್ನು ಕರೆಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮ್ಯಾನೇಜರ್ ಪರದೆ ನೋಡಿದರು, ಅವಳನ್ನು ನೋಡಿದರು, ಮೂಲೆಯಲ್ಲಿದ್ದ ಕುರ್ಚಿಯನ್ನು ಅವಳ ಕಡೆಗೆ ಎಳೆದರು.

"ತಪಾಸಣೆಯವರಿಗೆ ನಾನು ಉತ್ತರ ಕೊಡ್ತೀನಿ. ನೀವು ಕೂತ್ಕೊಂಡು ಹುಡುಕಿ."

ಸಿಕ್ಕ ಮೇಲ್ ಚಿಕ್ಕದು. "ಹೊರಮಗ್ಗುಲಲ್ಲಿ ಮೂಳೆ ಚೂಪಾಗಿದೆ, ಅಲ್ಲಿ ಅಕ್ಕಿಕಾಳಿನಷ್ಟು ಸಡಿಲ ಬಿಡಿ. ಸರಿಯಾಯಿತೇ ಎಂದು ಟೀಚರನ್ನು ಕೇಳಬೇಡಿ. ನಮಗೆ ಬೇಜಾರಾದೀತೆಂದು ಚೆನ್ನಾಗಿದೆ ಅನ್ನುತ್ತಾರೆ. ಅವರನ್ನು ನಡೆಸಿ, ಬಲಗೈ ನೋಡಿ. ಮುಷ್ಟಿ ಬಿಗಿದಿದ್ದರೆ ಇನ್ನೂ ನೋವಿದೆ."

ಮೂರನೆಯ ಕಾಲು ತಯಾರಾದ ದಿನ ಕಣಜದಕ್ಕನೂ ಇಳಿದು ಬಂದು ಬಾಗಿಲ ಬಳಿ ನಿಂತಳು. ಟೀಚರ್ ಕಿಟಕಿಯವರೆಗೆ ನಡೆದು ತಿರುಗಿ, ಚೆನ್ನಾಗಿದೆ, ಸಾಕು ಎಂದರು. ತಂತ್ರಜ್ಞ ಅವರ ಮುಖ ನೋಡಲೇ ಇಲ್ಲ. ಇನ್ನೂ ಒಂಚೂರು ಉಜ್ಜಬೇಕು, ಬಿಚ್ಚಿ ಅಂದ. ಉಜ್ಜಿ ತಂದ. ಟೀಚರ್ ಮತ್ತೆ ನಡೆದರು. ಮತ್ತೆ ಬಿಚ್ಚಿಸಿದ. ಮೂರನೆಯ ಸಲ ಕಿಟಕಿ ದಾಟಿ ಗೋಡೆಯವರೆಗೆ ಹೋಗಿ ಬಂದಾಗ ಅವರ ಬಲಗೈ ಸಡಿಲವಾಗಿ, ಬೆರಳು ಬಿಚ್ಚಿಕೊಂಡು ಬೀಸುತ್ತಿತ್ತು.

"ನಾನು ಚೆನ್ನಾಗಿದೆ ಅಂದ್ರೂ ನಂಬ್ಲಿಲ್ವಲ್ಲ, ನಿಂಗೆ ಯಾರು ಹೇಳಿದ್ದು?" ಎಂದು ಟೀಚರ್ ಕೇಳಿದರು. ಅವನು ಕಣಜದಕ್ಕನ ಕಡೆ ನೋಡಿದ. ಅವಳು ಬಂದು, ಮುದ್ರಿಸಿ ತಂದಿದ್ದ ಮೇಸ್ತ್ರಿಯ ಮೇಲ್ ತೋರಿಸಿದಳು.

ಟೀಚರ್ ಓದಿದರು. ಇನ್ನೊಮ್ಮೆ ಓದಿದರು. ಕಣಜದಕ್ಕನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

"ಅಷ್ಟು ವರ್ಷದಲ್ಲಿ ಒಂದು ಸಲಾನೂ, ನೋವಾಗುತ್ತಾ ಅಂತ ಅವರು ನನ್ನ ಕೇಳಿರಲಿಲ್ಲ," ಎಂದರು. "ಒರಟು ಮನುಷ್ಯ ಅಂದ್ಕೊಂಡಿದ್ದೆ."