ದೂರು ಬಾರದ ಬ್ಲಾಗ್

ಸರ್ವರ್ ಬಾಡಿಗೆಗೆ ಕೊಡುವ ಕ್ಲೌಡ್ ಕಂಪನಿಗಳ ಸಮ್ಮೇಳನ ಎಲ್ಲೇ ನಡೆಯಲಿ, ಆತ ಸ್ವಂತ ಖರ್ಚಿನಲ್ಲಿ ಹೋಗುತ್ತಿದ್ದ. ಕಂಡದ್ದು ಕೇಳಿದ್ದನ್ನೆಲ್ಲ, ದೇವರಿಗೆ ದೀಪ ಹಚ್ಚುವಷ್ಟು ಶ್ರದ್ಧೆಯಿಂದ, ಅಂದೇ ತನ್ನ ಬ್ಲಾಗಿನಲ್ಲಿ ಬರೆಯುತ್ತಿದ್ದ. ಮನೆಯಲ್ಲಿ ಮಾತಾಡಲು ಯಾರೂ ಇರಲಿಲ್ಲ. ಓದುಗರೇ ತನ್ನ ಬಳಗವೆಂದು ನಂಬಿದ್ದ.

ಈ ಸಲ ಒಂದು ಕಂಪನಿಯ ಮಳಿಗೆಯಲ್ಲಿದ್ದ ಎಂಜಿನಿಯರ್ ಹುಡುಗಿಯ ಮುಂದೆ ಆ ಕಂಪನಿಯನ್ನು ಮನಸಾರೆ ಹೊಗಳಿದ.

"ಯುಗಾದಿಗೆ ನನ್ನ ಬ್ಲಾಗನ್ನ ನಿಮ್ಮ ಸರ್ವರ್‌ಗೆ ಬದಲಾಯಿಸಿದೆ ಕಣಮ್ಮ. ಇವತ್ತಿನವರೆಗೆ ಒಬ್ಬ ಓದುಗನೂ ತೊಂದರೆ ಅಂದಿಲ್ಲ!"

"ಖುಷಿ ಆಯ್ತು ಸರ್. ಎಲ್ಲಿ, ನೋಡೋಣ." ಅವಳು ತನ್ನ ಫೋನಿನಲ್ಲಿ ಹುಡುಕಿದಳು. "ತೆರೀತಾನೇ ಇಲ್ವಲ್ಲ."

"ನೆಟ್‌ವರ್ಕ್ ಮಾರೋರಿಗೇ ನೆಟ್‌ವರ್ಕ್ ಇಲ್ವಾ?" ಆತ ನಗುತ್ತ ತನ್ನ ಲ್ಯಾಪ್‌ಟಾಪ್ ತೆರೆದ. "ನೋಡು, ಬೆಳಿಗ್ಗೆ ಬರೆದದ್ದೂ ಇದೆ."

ಅವಳು ಅದರ ಸೆಟ್ಟಿಂಗ್ ನೋಡಿ ದನಿ ತಗ್ಗಿಸಿದಳು.

"ಸರ್, ಪರೀಕ್ಷೆ ಮಾಡೋಕೆ ಅಂತ ಹೊಸ ಸರ್ವರ್ ವಿಳಾಸನ ಈ ಲ್ಯಾಪ್‌ಟಾಪಿಗೆ ಮಾತ್ರ ಕೊಟ್ಟಿದ್ದೀರಿ. ಹೊರಗಿನ ಓದುಗರಿಗೂ ಆ ವಿಳಾಸ ಸಿಗೋ ಹಾಗೆ ಮಾಡೋದು ಮರೆತು, ಹಳೇ ಸರ್ವರ್ ಮುಚ್ಚಿಬಿಟ್ಟಿದ್ದೀರಿ."

"ಅಂದ್ರೆ?"

"ಯುಗಾದಿಯಿಂದ ಇದನ್ನ ಓದ್ತಿರೋರು ನೀವೊಬ್ರೇ ಸರ್."