ಪದ್ಮವ್ವ ನಗಲಿಲ್ಲ

ಪದ್ಮವ್ವ ನಗಲಿಲ್ಲ. ಅಲ್ಲಿಗೆ ಲಗಮಪ್ಪನ ಹೊಸ ಮನೆಯೊಳಗೆ ಗಾಳಿಯೇ ನಿಂತುಹೋಯಿತು.

ಮೊಮ್ಮಗ ಮಾಳುವಿಗೆ ಹುಡುಗಿ ನೋಡಲು ಬೀಳಗಿಯಿಂದ ಬಂದ ಮುದುಕಿ ಆಕೆ. ಆಕೆ ಹ್ಞೂಂ ಅನ್ನದೆ ಅವರ ಮನೆಯಲ್ಲಿ ಎಮ್ಮೆ ಕೂಡ ಕೊಳ್ಳುವುದಿಲ್ಲ. ಜಮಖಂಡಿಯ ಕಾಲೇಜಿನಲ್ಲೇ ಮಾಳು ಮತ್ತು ಲಗಮಪ್ಪನ ಮಗಳು ವೈಶಾಲಿ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಏನೂ ಗೊತ್ತಿಲ್ಲದವರ ಹಾಗೆ ಹಿರಿಯರನ್ನೆಲ್ಲ ಇಲ್ಲಿಯವರೆಗೆ ಎಳೆದು ತಂದಿದ್ದರು. ಈಗ ಇಬ್ಬರ ಜೀವವೂ ಆ ಮುಖದ ಮೇಲೆ ನೇತಾಡುತ್ತಿತ್ತು.

ಗಾಡಿ ಹೇಳಿದ ಹೊತ್ತಿಗಿಂತ ಮುಂಚೆಯೇ ಲಗಮಪ್ಪನ ಊರು ಹಿಪ್ಪರಗಿ ಮುಟ್ಟಿದ್ದು ಎರಡೂ ಮನೆಯ ಅಜ್ಜಿಯರಿಗೆ ಸೇರಲಿಲ್ಲ.

“ಬರ್ರಿ ಯವ್ವಾ, ಆರಾಮ ಅದೀರಿ?” ಎಂದ ಲಗಮಪ್ಪ.

ಪದ್ಮವ್ವ ಬರೀ ತಲೆ ಆಡಿಸಿದಳು. ಗಲ್ಲ ಬಿಗಿದಿತ್ತು. ಕಣ್ಣು ಪಡಸಾಲೆಯ ಒಂದೊಂದೇ ಮೂಲೆ ತಡಕಿತು. ಬಿಳಿ ಟೈಲ್ಸು. ಬಿಳಿ ಗೋಡೆ. ಕಿಟಕಿಗೆ ಸೊಳ್ಳೆ ಜಾಳಿಗೆ. ಯಾವುದೂ ಆಕೆಗೆ ಹಿಡಿಸಿದಂತೆ ಕಾಣಲಿಲ್ಲ.

ಅವಲಕ್ಕಿ ಬಂತು. ಮುಟ್ಟಲಿಲ್ಲ. ಚಹಾ ಬಂತು. ಕೈಯಿಂದಲೇ ಬೇಡವೆಂದಳು.

ಮಾಳು ಕೂತಲ್ಲೇ ಅಂಗಿಯ ಗುಂಡಿ ತಿರುವತೊಡಗಿದ. ಅದನ್ನು ಕಂಡು ಲಗಮಪ್ಪ ಬೆವೆತ. ಅವನ ಬೆವರು ಕಂಡ ಹೆಂಡತಿ ಒಳಗೆ ಹೋಗಿ ಮಗಳನ್ನು ಗದರಿದಳು: “ಸೆರಗ ನೆಟ್ಟಗ ಹೊಚಗೋ ಬೇ!” ವೈಶಾಲಿಯ ಕಣ್ಣು ತುಂಬಿತು.

ಮೊಮ್ಮಗಳ ಕಣ್ಣೀರು ಕಂಡದ್ದೇ ಲಗಮಪ್ಪನ ತಾಯಿ ರುಕ್ಮವ್ವ ಬಂದು ಪದ್ಮವ್ವನ ಎದುರಿಗೇ ಕೂತಳು. ಗುರಾಯಿಸಿದಳು. ಪದ್ಮವ್ವನೂ ಗುರಾಯಿಸಿದಳು.

“ಯವ್ವಾ, ನೀನರ ಒಂದ ಮಾತ ಆಡ,” ಎಂದು ಲಗಮಪ್ಪ ಪಿಸುಗುಟ್ಟಿದ.

ರುಕ್ಮವ್ವ ಮಗನನ್ನೂ ಗುರಾಯಿಸಿದಳು. ಟೈಲ್ಸು ಹಾಕಿಸಿದಂದಿನಿಂದ ಆಕೆಗೆ ಅವನ ಮೇಲೆ ಸಿಟ್ಟು.

ಒಮ್ಮೆಲೇ ಆಕೆ ಎದ್ದು, ಪದ್ಮವ್ವನತ್ತ ನೋಡಿ, ಹಿತ್ತಲ ಕಡೆ ಕತ್ತು ಆಡಿಸಿದಳು. ಹೊರಗೆ ಬಾ, ನೋಡೇಬಿಡೋಣ ಅನ್ನುವ ಹಾಗೆ. ಪದ್ಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ದಡಬಡ ನಡೆದಳು.

“ಕೆಡ್ತಲ್ರೀ,” ಎಂದ ಮಾಳುವಿನ ಅಪ್ಪ ಸಾಬಣ್ಣ. “ನಮ್ಮವ್ವ ಸಿಟ್ಟಿಗೆದ್ರ ಕೈನ ಮಾಡ್ತಾಳ.”

“ನಮ್ಮವ್ವನೂ ಏನ ಕಡಿಮಿ ಇಲ್ರಿ,” ಎಂದ ಲಗಮಪ್ಪ.

ಹಿತ್ತಲಿನಿಂದ ಕೇಳಿಸಿತು: “ಥೂ!”

ಅದರ ಬೆನ್ನಿಗೇ, ಇನ್ನೂ ಜೋರಾಗಿ: “ಥೂ!”

ಲಗಮಪ್ಪ ತಲೆ ಹಿಡಿದುಕೊಂಡ. ಒಳಗೆ ವೈಶಾಲಿ ಬಿಕ್ಕಿದಳು. ಮಾಳು ಚಪ್ಪಲಿ ಹುಡುಕತೊಡಗಿದ.

ಆಗ ಹಿತ್ತಲ ಬಾಗಿಲಲ್ಲಿ ಇಬ್ಬರೂ ಅಜ್ಜಿಯರು ಕಾಣಿಸಿಕೊಂಡರು. ಕೈ ಕೈ ಹಿಡಿದಿದ್ದರು. ಬಿಗಿದ ಗಲ್ಲ ಇಳಿದಿತ್ತು. ಮುಖದ ತುಂಬ ನಗು.

“ಹುಡುಗಿ ಪಸಂದ ಅದಾಳ,” ಎಂದಳು ಪದ್ಮವ್ವ. “ಖರೆ ಬೀಗರ, ಇಷ್ಟ ಛಂದ ಮನಿ ಕಟ್ಟಿಸೀರಿ, ಪಡಸಾಲ್ಯಾಗ ಎಲಿ-ಅಡಕಿ ಉಗುಳಾಕ ಒಂದ ಡಬ್ಬಿ ಇಡಬಾರದೇನ್ರಿ?”